ಬಾಕ್ಸಿಂಗ್ ಡೇ ಟೆಸ್ಟ್‌ಗೆ ಮೆಲ್ಬರ್ನ್: ಆಟಕ್ಕೆಷ್ಟು ಹೊತ್ತು, ಊರಿಗೆಷ್ಟು ಹೊತ್ತು

ನಮ್ಮಲ್ಲಿ ಬೆಳಗಿನ ಐದಕ್ಕೆ ಎದ್ದು ಟಿವಿ ಹಾಕಿ ನೋಡುವ ಬಾಕ್ಸಿಂಗ್ ಡೇ (ಡಿಸೆಂಬರ್ 26) ಟೆಸ್ಟ್ ಮೆಲ್ಬರ್ನ್‌ನಲ್ಲಿ ಶುರುವಾಗುವುದು ಹತ್ತೂವರೆಗೆ. ಡಿಸೆಂಬರ್‌ನಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದೆ. ಹನ್ನೆರಡೂವರೆಗೆ ಊಟ, ಮೂರು ಹತ್ತಕ್ಕೆ ಚಹಾ, ಐದೂವರೆಗೆ ಆಟ ಮುಕ್ತಾಯ. ಓವರ್ ಬಾಕಿ ಉಳಿದರೆ ಆರರವರೆಗೆ. ಆದರೆ ಸೂರ್ಯ ಮುಳುಗುವುದು ರಾತ್ರಿ ಎಂಟೂ ನಲವತ್ತರ ಸುಮಾರಿಗೆ, ಹುಟ್ಟುವುದು ಆರರ ಆಸುಪಾಸಿನಲ್ಲಿ. ಅಂದರೆ ಇಡೀ ದಿನದ ಆಟ ನೋಡಿದ ಮೇಲೂ ಬೆಳಿಗ್ಗೆ ಮೂರು ಗಂಟೆ, ಸಂಜೆ ಸುಮಾರು ಮೂರು ಗಂಟೆ ಒಳ್ಳೆಯ ಬೆಳಕು ನಿಮ್ಮ ಕೈಯಲ್ಲಿರುತ್ತದೆ. ಮೈದಾನವೂ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಊರಾಚೆ ಇಲ್ಲ, ಪೇಟೆಯ ನಡುವಿನಿಂದ ಇಪ್ಪತ್ತು ನಿಮಿಷದ ನಡಿಗೆ. ಮೆಲ್ಬರ್ನ್ ಪ್ರವಾಸವನ್ನು ‘ಮ್ಯಾಚ್ ಐದು ದಿನ, ಆಮೇಲೆ ಊರು ಎರಡು ದಿನ’ ಎಂದು ಭಾಗ ಮಾಡುವುದೇ ಹೆಚ್ಚಿನವರ ಮೊದಲ ತಪ್ಪು.

ಎರಡನೆಯ ತಪ್ಪು, ಟೆಸ್ಟ್ ಐದು ದಿನ ನಡೆದೇ ನಡೆಯುತ್ತದೆ ಎಂದುಕೊಳ್ಳುವುದು. 2021ರಲ್ಲಿ ಇಂಗ್ಲೆಂಡ್ 68ಕ್ಕೆ ಆಲೌಟ್ ಆಗಿ ಮೂರನೇ ದಿನ ಬೆಳಿಗ್ಗೆಯೇ ಪಂದ್ಯ ಮುಗಿಯಿತು. 2025ರಲ್ಲಿ ಎರಡೇ ದಿನ. ಇತ್ತ 2017ರಲ್ಲಿ ಅದೇ ಮೈದಾನದಲ್ಲಿ ಐದು ದಿನ ಆಡಿದರೂ ಫಲಿತಾಂಶ ಬರಲಿಲ್ಲ. 2024ರಲ್ಲಿ ಭಾರತದ ಪಂದ್ಯ ಐದನೇ ದಿನದ ಕೊನೆಯ ಅವಧಿಯವರೆಗೆ ಹೋಯಿತು, ಐದೂ ದಿನ ಸೇರಿ ಬಂದ ಜನ 3,73,691. ಇಷ್ಟು ವ್ಯತ್ಯಾಸಕ್ಕೆ ಕಾರಣ ಪಿಚ್. ಚಳಿಗಾಲವಿಡೀ ಅಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುವುದರಿಂದ ಪಿಚ್ಚನ್ನು ಬೇರೆಡೆ ಬೆಳೆಸಿ, ತಂದು ಕೂರಿಸುತ್ತಾರೆ. ಅದರ ಮೇಲೆ ಎಷ್ಟು ಹುಲ್ಲು ಬಿಡುತ್ತಾರೆ ಅನ್ನುವುದರ ಮೇಲೆ ಆಟದ ಆಯಸ್ಸು ನಿಂತಿದೆ. ಹಾಗಾಗಿ ಮೊದಲ ಮೂರು ದಿನಗಳ ಟಿಕೆಟ್ ತೆಗೆದುಕೊಳ್ಳಿ, ನಾಲ್ಕು-ಐದನ್ನು ಖಾಲಿ ಬಿಡಿ. ಆ ದಿನಗಳಿಗೆ ಸಾಮಾನ್ಯವಾಗಿ ಸೀಟು ಸಿಗುತ್ತದೆ. ಮೊದಲ ದಿನಕ್ಕೆ ಮಾತ್ರ ಕಾಯಬೇಡಿ, ಮಾರಾಟ ಶುರುವಾದ ವಾರದಲ್ಲೇ ಟಿಕೆಟ್ ಮಾರುವ ಜಾಲತಾಣ ಟಿಕೆಟೆಕ್‌ನಲ್ಲಿ ಕೊಂಡುಬಿಡಿ. ಟಿಕೆಟ್ ಬರುವುದು ಫೋನಿಗೇ, ಹಾಗಾಗಿ ಪವರ್‌ಬ್ಯಾಂಕ್ ಚೀಲದಲ್ಲಿರಲಿ.

ಸೀಟು ಆರಿಸುವಾಗ ನಮ್ಮ ದಿಕ್ಕಿನ ಅಂದಾಜು ತಲೆಕೆಳಗಾಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ಮೈದಾನದ ಉತ್ತರ ಭಾಗ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಸದಸ್ಯರಿಗೆ ಮೀಸಲು. ಸಾರ್ವಜನಿಕರಿಗೆ ಸಿಗುವುದು ಹೆಚ್ಚಾಗಿ ದಕ್ಷಿಣದ ಶೇನ್ ವಾರ್ನ್ ಸ್ಟ್ಯಾಂಡ್, ಅಂದರೆ ಬಿಸಿಲಿಗೆ ಮುಖಮಾಡಿದ ಕಡೆ. ಪಿಚ್ ಉತ್ತರ-ದಕ್ಷಿಣವಾಗಿರುವುದರಿಂದ ಈ ಸ್ಟ್ಯಾಂಡಿನ ನಡುಭಾಗದಲ್ಲಿ ಕೂತರೆ ಬೌಲರ್‌ನ ಕೈಯ ಹಿಂದೆಯೇ ಇರುತ್ತೀರಿ. ಚೆಂಡು ಎತ್ತ ತಿರುಗಿತು, ಎಷ್ಟು ಸ್ವಿಂಗ್ ಆಯಿತು ಎಲ್ಲ ಕಾಣುತ್ತದೆ. ಸ್ಟ್ಯಾಂಡಿನ ಪಶ್ಚಿಮ ಅಂಚಿನಲ್ಲಿ ಕೂತರೆ ಚಹಾ ವಿರಾಮದ ನಂತರ ಬೇಗ ನೆರಳು ಬರುತ್ತದೆ, ಆದರೆ ಆಟವನ್ನು ಪಕ್ಕದಿಂದ ನೋಡಬೇಕು. ಪೂರ್ವದ ಅಂಚಿನಲ್ಲಿ ಸಂಜೆ ಸೂರ್ಯ ನೇರ ಕಣ್ಣಿಗೇ ಬೀಳುತ್ತಾನೆ. ನನ್ನ ಮತ ನಡುಭಾಗದ ಹಿಂದಿನ ಸಾಲುಗಳಿಗೆ: ಕೆಳ ಅಂತಸ್ತಾದರೆ ಮೇಲಿನ ಅಂತಸ್ತಿನ ಅಡಿ ಬರುವಷ್ಟು ಹಿಂದೆ, ಮೇಲಿನ ಅಂತಸ್ತಾದರೆ ಚಾವಣಿಯ ಕೆಳಗೆ. ಮುಂದಿನ ಸಾಲು ಸಿಕ್ಕಿತೆಂದು ಹಿಗ್ಗಬೇಡಿ. ಡಿಸೆಂಬರ್ ಕೊನೆಗೆ ಸೂರ್ಯ ಬಹುತೇಕ ನೆತ್ತಿಗೇ ಬರುತ್ತಾನೆ, ಮುಂದಿನ ಸಾಲಿಗೆ ಏಳು ಗಂಟೆ ಬಿಸಿಲು. ಮೈದಾನ 171 ಮೀಟರ್ ಉದ್ದ, 146 ಮೀಟರ್ ಅಗಲ. ಎಲ್ಲೇ ಕೂತರೂ ಬ್ಯಾಟ್ಸ್‌ಮನ್ ದೂರವೇ. ಸಣ್ಣದೊಂದು ದುರ್ಬೀನು ತುಂಬ ಉಪಕಾರಿ.

ಬಿಸಿಲಿನ ಬಗ್ಗೆ ಇನ್ನೊಂದು ಮಾತು. ನಮ್ಮ ಮೈಬಣ್ಣಕ್ಕೆ ಏನೂ ಆಗದು ಎಂಬ ಧೈರ್ಯ ಅಲ್ಲಿ ಬೇಡ. ಬೇಸಿಗೆಯಲ್ಲಿ ಮೆಲ್ಬರ್ನ್‌ನ ಯುವಿ (ಅತಿನೇರಳೆ ಕಿರಣಗಳ) ಸೂಚ್ಯಂಕ 10ನ್ನು ದಾಟುತ್ತದೆ, ಅದಕ್ಕೂ ಸೆಕೆಗೂ ಸಂಬಂಧವಿಲ್ಲ. 20 ಡಿಗ್ರಿಯ ತಣ್ಣನೆ, ಅರೆಮೋಡದ ದಿನವೇ ಹೆಚ್ಚು ಜನ ಸುಟ್ಟುಕೊಳ್ಳುವುದು, ಏಕೆಂದರೆ ಆ ದಿನ ಯಾರೂ ಟೋಪಿ ಹಾಕುವುದಿಲ್ಲ. ಎಸ್‌ಪಿಎಫ್ 50ರ ಸನ್‌ಸ್ಕ್ರೀನನ್ನು ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಆಮೇಲೆ ಎರಡು ಗಂಟೆಗೊಮ್ಮೆ. ಊಟ ಮತ್ತು ಚಹಾದ ವಿರಾಮಗಳನ್ನೇ ಅಲಾರಾಂ ಮಾಡಿಕೊಂಡರೆ ಮರೆಯುವುದಿಲ್ಲ. ಕಿವಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಬಿಟ್ಟುಹೋಗುವ ಜಾಗಗಳು. ಜೊತೆಗೆ, 38 ಡಿಗ್ರಿ ಇದ್ದ ದಿನವೂ ಚೀಲದಲ್ಲಿ ಒಂದು ಜಾಕೆಟ್ ಇರಲಿ. ಒಳನಾಡಿನ ಮರುಭೂಮಿ ಕಡೆಯಿಂದ ಬೀಸುವ ಉತ್ತರದ ಬಿಸಿಗಾಳಿ ನಿಂತು, ದಕ್ಷಿಣ ಸಾಗರದ ತಂಪುಗಾಳಿ ನುಗ್ಗಿದರೆ ಒಂದು ಗಂಟೆಯೊಳಗೆ ಹತ್ತು-ಹದಿನೈದು ಡಿಗ್ರಿ ಇಳಿಯುವುದುಂಟು. ಅಲ್ಲಿಯವರು ಇದನ್ನು ಕೂಲ್ ಚೇಂಜ್ ಅನ್ನುತ್ತಾರೆ. ಹವಾಮಾನ ವರದಿಯಲ್ಲಿ ಗರಿಷ್ಠ ತಾಪಮಾನಕ್ಕಿಂತ ಈ ಪದವನ್ನು ಹುಡುಕಿ.

ಊಟದ ವಿಷಯದಲ್ಲಿ ಮೈದಾನ ಉದಾರಿ. ಮನೆಯಿಂದ ಊಟ, ಮದ್ಯವಲ್ಲದ ಪಾನೀಯ ಒಯ್ಯಬಹುದು. ಗಾಜು, ಕ್ಯಾನ್, ಮದ್ಯ ಬೇಡ. ಚೀಲ ಸೀಟಿನ ಕೆಳಗೆ ಹಿಡಿಸಬೇಕು. ಪ್ಲಾಸ್ಟಿಕ್ ಬಾಟಲಿ ಒಯ್ದರೆ ಒಳಗೆ ಕುಡಿಯುವ ನೀರು ಉಚಿತವಾಗಿ ತುಂಬಿಸಿಕೊಳ್ಳಬಹುದು. ಅಂಗಡಿಗಳಲ್ಲಿ ನಗದು ನಡೆಯದು, ಕಾರ್ಡ್ ಬೇಕು. ಶಾಕಾಹಾರಿಗಳಿಗೆ ಒಳಗೆ ಆಯ್ಕೆ ಕಡಿಮೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದು ಪುಳಿಯೋಗರೆಯೋ ಚಪಾತಿ-ಪಲ್ಯವೋ ಕಟ್ಟಿಕೊಂಡು ಹೋದರೆ ಹೊಟ್ಟೆಗೂ ಜೇಬಿಗೂ ಹಿತ. ಇದರಲ್ಲೊಂದು ಎಡವಟ್ಟಿದೆ: ಡಿಸೆಂಬರ್ 25ರಂದು ದೊಡ್ಡ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ಮೊದಲ ದಿನದ ಬುತ್ತಿಗೆ ಬೇಕಾದ ತರಕಾರಿ, ಮೊಸರು, ಬ್ರೆಡ್ಡನ್ನು 24ರಂದೇ ತರಬೇಕು. 26 ಸರ್ಕಾರಿ ರಜೆ; ಆ ದಿನ ಹಲವು ಹೋಟೆಲುಗಳು ಬಿಲ್ಲಿನ ಮೇಲೆ ಶೇ 10-15 ಹೆಚ್ಚುವರಿ ಹಾಕುತ್ತವೆ, ಬಾಗಿಲಲ್ಲೇ ಬರೆದಿರುತ್ತದೆ.

ಊರಿಂದ ಚಟ್ನಿಪುಡಿ, ಸಾರಿನಪುಡಿ ಒಯ್ಯುವವರು ವಿಮಾನದಲ್ಲಿ ಕೊಡುವ ಪ್ರಯಾಣಿಕರ ಕಾರ್ಡಿನಲ್ಲಿ ಆಹಾರವಿದೆ ಎಂಬಲ್ಲಿ ‘ಹೌದು’ ಎಂದೇ ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಕೆಲವು ವಸ್ತು ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಭಾರಿ ದಂಡ, ವೀಸಾವೇ ರದ್ದಾಗಲೂಬಹುದು. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಒಯ್ಯಲೇಬೇಡಿ. ಪುಡಿಗಳನ್ನು ಕಂಪನಿಯ ಮುಚ್ಚಿದ ಪೊಟ್ಟಣದಲ್ಲೇ ಇಟ್ಟರೆ ತಪಾಸಣೆ ಬೇಗ ಮುಗಿಯುತ್ತದೆ.

ವಿಮಾನ ನಿಲ್ದಾಣಕ್ಕೆ ರೈಲಿಲ್ಲ. ಸ್ಕೈಬಸ್ ನೇರ ಪೇಟೆಯ ಸದರ್ನ್ ಕ್ರಾಸ್ ರೈಲು ನಿಲ್ದಾಣಕ್ಕೆ ಬಿಡುತ್ತದೆ. ಅದರ ಟಿಕೆಟ್ ಬೇರೆ, ಊರಿನ ಬಸ್ಸು, ಟ್ರಾಮ್, ರೈಲಿಗೆ ಬಳಸುವ ಮೈಕಿ ಕಾರ್ಡ್ ಅಲ್ಲಿ ನಡೆಯದು. ಪೇಟೆಯೊಳಗೆ ಟ್ರಾಮ್ ಉಚಿತ. ಉಚಿತ ವಲಯದೊಳಗೇ ಹತ್ತಿ ಇಳಿಯುವುದಾದರೆ ಮೈಕಿಯನ್ನು ಯಂತ್ರಕ್ಕೆ ಮುಟ್ಟಿಸಬೇಡಿ, ಮುಟ್ಟಿಸಿದರೆ ಹಣ ಕಡಿತವಾಗುತ್ತದೆ. ಆದರೆ ಮೈದಾನ ಈ ವಲಯದ ಹೊರಗಿದೆ! ವೆಲ್ಲಿಂಗ್ಟನ್ ಪರೇಡ್ ಕಡೆಗೆ ಹೋಗುವ 48, 75 ಅಥವಾ ಮೈದಾನದ ದಕ್ಷಿಣಕ್ಕೆ ಹೋಗುವ 70ನೇ ಟ್ರಾಮ್‌ನಲ್ಲಿ ಗಡಿ ದಾಟುವ ಮೊದಲು ಕಾರ್ಡ್ ಮುಟ್ಟಿಸದಿದ್ದರೆ ತನಿಖೆಯವರು ದಂಡ ಹಾಕುತ್ತಾರೆ. ಹೊಸಬರು ಸಿಕ್ಕಿಬೀಳುವುದು ಇಲ್ಲೇ.

ನಿಜಕ್ಕೂ ಟ್ರಾಮ್ ಬೇಕಿಲ್ಲ. ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದಿಂದ ಫೆಡರೇಷನ್ ಚೌಕ ದಾಟಿ, ಯಾರಾ ನದಿಯ ದಂಡೆಯ ಬಿರರಂಗ್ ಮಾರ್ ಉದ್ಯಾನದ ಮೂಲಕ, ವಿಲಿಯಂ ಬರಾಕ್ ಸೇತುವೆ ಹತ್ತಿ ಇಳಿದರೆ ಮೈದಾನದ ಅಂಗಳ. ಸೇತುವೆಗೆ ಹೆಸರು ಬಂದಿರುವುದು ಈ ನೆಲದ ಮೂಲನಿವಾಸಿ ವುರುಂಜೆರಿ ಜನರ ನಾಯಕನಿಂದ. ಹೊರಗಿನ ಯಾರಾ ಪಾರ್ಕಿನಲ್ಲಿ ಆ ಜನ ತೊಗಟೆ ಕೆತ್ತಿ ತೆಗೆದ ಗಾಯದ ಗುರುತಿರುವ ಹಳೆಯ ಮರಗಳು ಈಗಲೂ ಇವೆ. ಸಾವಿರಾರು ಜನ ಅವುಗಳ ಪಕ್ಕದಲ್ಲೇ ನೋಡದೆ ನಡೆದುಹೋಗುತ್ತಾರೆ. ಬ್ರಾಡ್‌ಮನ್, ಲಿಲ್ಲಿ, ವಾರ್ನ್ ಪ್ರತಿಮೆಗಳು ಮೈದಾನದ ಸುತ್ತಲೇ ಇವೆ. ಒಂಬತ್ತಕ್ಕೆ ಬಂದರೆ ಇವೆಲ್ಲ ನೋಡಿ, ಚೀಲದ ತಪಾಸಣೆ ಮುಗಿಸಿ, ಮೊದಲ ಚೆಂಡಿಗೆ ಸೀಟಿನಲ್ಲಿರಬಹುದು. ಮೊದಲ ದಿನ ಹತ್ತರ ನಂತರ ಬಂದವರಿಗೆ ಸಾಲಿನಲ್ಲೇ ಎರಡು-ಮೂರು ಓವರ್ ಹೋಗುತ್ತವೆ.

ಒಳಗೆ ಕೂತಾಗ ಇದು ನಮಗೂ ಸಲ್ಲುವ ಮೈದಾನ ಅನ್ನುವುದು ನೆನಪಿರಲಿ. 1877ರಲ್ಲಿ ಮೊದಲ ಟೆಸ್ಟ್, 1971ರಲ್ಲಿ ಮೊದಲ ಏಕದಿನ ಪಂದ್ಯ ನಡೆದದ್ದು ಇಲ್ಲೇ. ಆಸ್ಟ್ರೇಲಿಯಾದ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದೂ ಇಲ್ಲಿ, 1977-78ರ ಸರಣಿಯಲ್ಲಿ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ 6 ವಿಕೆಟ್ ಕಿತ್ತರು. 1981ರಲ್ಲಿ ಕಪಿಲ್ 28ಕ್ಕೆ 5 ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿದ್ದು ಎಲ್ಲರಿಗೂ ಗೊತ್ತು, ಆದರೆ ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ಭಾರತದ 237ರಲ್ಲಿ 114 ಗುಂಡಪ್ಪ ವಿಶ್ವನಾಥ್ ಅವರದು. 2018ರಲ್ಲಿ ಮಯಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಿ 76 ಹೊಡೆದದ್ದೂ ಇದೇ ಪಿಚ್ಚಿನ ಜಾಗದಲ್ಲಿ.

ಇನ್ನು ಊರು. ಬೆಳಗಿನ ಮೂರು ಗಂಟೆಯ ಬಿಡುವಿಗೆ ಏನು, ಸಂಜೆಯ ಮೂರು ಗಂಟೆಯ ಬಿಡುವಿಗೆ ಏನು ಎಂದು ಬೇರೆ ಮಾಡಿಕೊಳ್ಳಬೇಕು. ಕಾಫಿ ಬೆಳಿಗ್ಗೆಯೇ. ಮೆಲ್ಬರ್ನ್ ಕಾಫಿಗೆ ಹೆಸರಾದ ಊರು, ಆದರೆ ಡಿಗ್ರೇವ್ಸ್ ಸ್ಟ್ರೀಟ್‌ನಂಥ ಓಣಿಗಳ ಹೆಚ್ಚಿನ ಕೆಫೆಗಳು ಮಧ್ಯಾಹ್ನ ಮೂರು-ನಾಲ್ಕಕ್ಕೇ ಬಾಗಿಲು ಹಾಕುತ್ತವೆ; ಆಟ ಮುಗಿಸಿ ಹೋದರೆ ಕುರ್ಚಿ ಮಡಚಿಟ್ಟಿರುತ್ತಾರೆ. ರಾಯಲ್ ಬಟಾನಿಕ್ ಗಾರ್ಡನ್ಸ್ ಏಳೂವರೆಗೆ ತೆರೆಯುತ್ತದೆ. 38 ಹೆಕ್ಟೇರ್ ಜಾಗ, ಕೆರೆ, ಜರೀಗಿಡಗಳ ಕಣಿವೆ. ಒಂದೂವರೆ ಗಂಟೆ ಸುತ್ತಿ, ನದಿ ದಾಟಿ, ನಡೆದೇ ಮೈದಾನ ತಲುಪಬಹುದು. ಮಕ್ಕಳಿದ್ದರೆ ಫಿಟ್ಜ್‌ರಾಯ್ ಗಾರ್ಡನ್ಸ್ ಇನ್ನೂ ಹತ್ತಿರ, ವೆಲ್ಲಿಂಗ್ಟನ್ ಪರೇಡ್ ರಸ್ತೆಯ ಆಚೆಗೇ ಇದೆ. ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ ತಂದು 1934ರಲ್ಲಿ ಮತ್ತೆ ಕಟ್ಟಿದ, ನಾವಿಕ ಜೇಮ್ಸ್ ಕುಕ್ ಹೆತ್ತವರ ಮನೆ ಕುಕ್ಸ್ ಕಾಟೇಜ್ ಅಲ್ಲಿದೆ.

ಸಂಜೆಗೆ ಸೇಂಟ್ ಕಿಲ್ಡಾ. ಬೋರ್ಕ್ ಸ್ಟ್ರೀಟಿನಿಂದ 96ನೇ ಟ್ರಾಮ್, ಅರ್ಧ ಗಂಟೆ. ಆರೂವರೆಗೆ ಹೊರಟರೂ ಬೀಚಿನಲ್ಲಿ ಒಂದೂವರೆ ಗಂಟೆ ಬೆಳಕು. ಕೊಲ್ಲಿ ಪಶ್ಚಿಮಕ್ಕಿರುವುದರಿಂದ ಸೂರ್ಯ ನೀರಿಗೇ ಇಳಿಯುತ್ತಾನೆ. ಇನ್ನೊಂದು ಸಂಜೆ ಪೇಟೆಯೊಳಗೇ ಉಳಿದು, ಗೋಡೆಚಿತ್ರಗಳ ಹೋಸಿಯರ್ ಓಣಿ ನೋಡಿ, ಮೈಯರ್ ಅಂಗಡಿಯ ಕ್ರಿಸ್‌ಮಸ್ ಕಿಟಕಿಗಳ ಮುಂದೆ ನಿಂತು, ಲಿಟಲ್ ಬೋರ್ಕ್ ಸ್ಟ್ರೀಟಿನ ಚೈನಾಟೌನಿನಲ್ಲೋ ಲೈಗನ್ ಸ್ಟ್ರೀಟಿನ ಇಟಾಲಿಯನ್ ಹೋಟೆಲಿನಲ್ಲೋ ಊಟ ಮಾಡಿ. ಒಂಬತ್ತಕ್ಕೆ ಮೊದಲು ಕೂರಿ, ಅಡುಗೆಮನೆಗಳು ಬೇಗ ಮುಚ್ಚುತ್ತವೆ. ‘ವೆಜಿಟೇರಿಯನ್’ ಅಂದರೆ ಅಲ್ಲಿ ಮೊಟ್ಟೆ ಸೇರಿದೆ. ಏಷ್ಯಾದ ಅಡುಗೆಯಲ್ಲಿ ಮೀನಿನ ಸಾಸ್ ಇದೆಯೇ ಎಂದು ಬೇರೆಯಾಗಿ ಕೇಳಿ.

ಗ್ಯಾಲರಿ, ಗ್ರಂಥಾಲಯಗಳನ್ನು ಪಂದ್ಯದ ದಿನಕ್ಕೆ ತುರುಕಬೇಡಿ. ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ ತೆರೆದಿರುವುದು ಹತ್ತರಿಂದ ಐದರವರೆಗೆ, ಅಂದರೆ ಸರಿಯಾಗಿ ಆಟದ ಹೊತ್ತಿಗೇ. ಸ್ಟೇಟ್ ಲೈಬ್ರರಿಯದೂ ಅದೇ ಕಥೆ. ಅದರ 1913ರ ಎಂಟು ಮೂಲೆಯ ಗುಮ್ಮಟದ ವಾಚನಾಲಯವನ್ನು ಮೇಲಿನ ಅಂತಸ್ತಿನಿಂದ ಕೆಳಗೆ ನೋಡಬೇಕು. ಎರಡಕ್ಕೂ ಸಾಮಾನ್ಯ ಪ್ರವೇಶ ಉಚಿತ. ಪಂದ್ಯ ಬೇಗ ಮುಗಿದ ದಿನಕ್ಕೋ ಮಳೆ ಬಂದ ದಿನಕ್ಕೋ ಇವನ್ನು ಇಟ್ಟುಕೊಳ್ಳಿ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಸೋಮವಾರ, ಬುಧವಾರ ಹಗಲಲ್ಲಿ ಇರುವುದಿಲ್ಲ. 25ರಂದು ಎಲ್ಲವೂ ಮುಚ್ಚಿರುವಾಗ ಬಸ್ಸು, ಟ್ರಾಮ್, ರೈಲು ಉಚಿತ. ಸಮುದ್ರತೀರ, ಉದ್ಯಾನಗಳಿಗೆ ಅದೇ ಒಳ್ಳೆಯ ದಿನ.

ಗ್ರೇಟ್ ಓಷನ್ ರೋಡ್ ಮತ್ತು ಫಿಲಿಪ್ ಐಲ್ಯಾಂಡ್ ಎರಡಕ್ಕೂ ಪೂರ್ತಿ ದಿನ ಬೇಕು. ಮೊದಲನೆಯದರಲ್ಲಿ ಟ್ವೆಲ್ವ್ ಅಪಾಸಲ್ಸ್ ಬಂಡೆಗಳವರೆಗೆ ಕರಾವಳಿ ದಾರಿಯಲ್ಲಿ ಹೋಗಿ ಬರಲು ಹನ್ನೆರಡು ಗಂಟೆ. ಫಿಲಿಪ್ ಐಲ್ಯಾಂಡ್ 140 ಕಿಲೋಮೀಟರ್. ಪುಟ್ಟ ಪೆಂಗ್ವಿನ್‌ಗಳು ದಡ ಹತ್ತುವುದು ಸೂರ್ಯ ಮುಳುಗಿದ ಮೇಲೆ, ಒಂಬತ್ತರ ಸುಮಾರಿಗೆ. ಊರು ಸೇರುವಾಗ ಮಧ್ಯರಾತ್ರಿ. ಮರುದಿನ ಆಟವಿದ್ದರೆ ಹೋಗಬೇಡಿ, ಮೊದಲ ಅವಧಿಯಿಡೀ ತೂಕಡಿಸುತ್ತೀರಿ. ಪೆಂಗ್ವಿನ್ ಟಿಕೆಟ್ ಆ ವಾರ ಬೇಗ ಖಾಲಿಯಾಗುವುದರಿಂದ 31ಕ್ಕೆ ಅಥವಾ ಅದರ ನಂತರಕ್ಕೆ ಮೊದಲೇ ಕಾಯ್ದಿರಿಸಿ. ಅಲ್ಲಿ ಫೋಟೊ ನಿಷಿದ್ಧ, ಬೆಳಕು ಆ ಹಕ್ಕಿಗಳನ್ನು ಕಂಗೆಡಿಸುತ್ತದೆ. ಕಾರು ಬಾಡಿಗೆಗೆ ಪಡೆಯುವುದಾದರೆ ಅಲ್ಲೂ ಎಡಬದಿಯ ಚಾಲನೆಯೇ. ಟೋಲ್ ರಸ್ತೆಗಳಲ್ಲಿ ಹಣ ಕಟ್ಟುವ ಗೂಡುಗಳಿಲ್ಲ, ಎಲ್ಲವೂ ಎಲೆಕ್ಟ್ರಾನಿಕ್. ಟೋಲ್ ಹೇಗೆ ಕಡಿತವಾಗುತ್ತದೆಂದು ಕಾರು ಪಡೆಯುವಾಗಲೇ ಕೇಳಿಕೊಳ್ಳಿ. ಮುಸ್ಸಂಜೆಯ ನಂತರ ಹಳ್ಳಿ ದಾರಿಗಳಲ್ಲಿ ಕಾಂಗರೂ, ಅದರದೇ ಸಣ್ಣ ಜಾತಿಯ ವಾಲಬಿಗಳು ಅಡ್ಡ ಹಾಯುತ್ತವೆ, ವೇಗ ಇಳಿಸಿ.