ಷಡ್ಜಕ್ಕೆ ಮರಳುವ ಬ್ರುಕ್ನರ್, ಮರಳದ ಮಾಲರ್

ವಿಯೆನ್ನಾದ ಶೊಟೆನ್‌ಟೋರ್ ನಿಲ್ದಾಣದಲ್ಲಿ ಇಳಿದು ಎರಡು ಹೆಜ್ಜೆ ಹಾಕಿದರೆ ಹೆಸ್‌ಗಾಸೆ ಬೀದಿಯ 7ನೇ ಸಂಖ್ಯೆಯ ಕಟ್ಟಡ. ಸಂಗೀತ ರಚನಕಾರ ಆಂಟನ್ ಬ್ರುಕ್ನರ್ 1877ರಿಂದ 1895ರವರೆಗೆ ಅದರ ಮೇಲಿನ ಮಹಡಿಯಲ್ಲಿದ್ದ. ಅದೇ ನಿಲ್ದಾಣದಿಂದ ಹೊರಡುವ 38ನೇ ಟ್ರಾಮ್ ಹತ್ತಿ, ಗ್ರಿಂಜಿಂಗ್‌ನಲ್ಲಿ ಇಳಿದು, ಸ್ವಲ್ಪ ನಡೆದರೆ ಇನ್ನೊಬ್ಬ ರಚನಕಾರ ಗುಸ್ತಾವ್ ಮಾಲರ್‌ನ ಸಮಾಧಿ. ಕಲ್ಲಿನ ಮೇಲೆ ಹೆಸರು ಬಿಟ್ಟರೆ ಇನ್ನೇನೂ ಇಲ್ಲ. ಹೀಗೆ ಒಂದೇ ಟ್ರಾಮ್ ದಾರಿಯ ಎರಡು ತುದಿಗೆ ಇರುವ ಇವರಿಬ್ಬರನ್ನು ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇಬ್ಬರೂ ಒಂದೊಂದು ಗಂಟೆ ದಾಟುವ ಸಿಂಫನಿ (ಇಡೀ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ಕೃತಿ) ಬರೆದರು, ಇಬ್ಬರ ಮೇಲೂ ಒಪೆರಾ ರಚನಕಾರ ವಾಗ್ನರ್‌ನ ನೆರಳಿದೆ, ಇಬ್ಬರೂ ಸತ್ತಿದ್ದು ವಿಯೆನ್ನಾದಲ್ಲೇ: ಬ್ರುಕ್ನರ್ 1896ರಲ್ಲಿ, ಮಾಲರ್ 1911ರಲ್ಲಿ. ಆದರೆ ಒಬ್ಬನನ್ನು ಕೇಳಿದ ಕಿವಿಯಲ್ಲೇ ಇನ್ನೊಬ್ಬನನ್ನು ಕೇಳಲು ಹೋದವರು ಅರ್ಧದಲ್ಲೇ ಬೇಸತ್ತು ಎದ್ದು ಬರುತ್ತಾರೆ.

ಊರಿನ ಸಂಗೀತ ಕೇಳಿ ಬೆಳೆದವರಿಗೆ ಈ ವ್ಯತ್ಯಾಸ ಹಿಡಿಯಲು ಒಂದು ಸುಲಭದ ದಾರಿಯಿದೆ. ಷಡ್ಜ ಎಲ್ಲಿದೆ ಎಂದು ಹುಡುಕುತ್ತ ಕೇಳಿ. ನಮ್ಮ ಕಛೇರಿಯಲ್ಲಿ ತಂಬೂರಿ ಅದನ್ನು ಕೊನೆಯವರೆಗೂ ಹಿಡಿದುಕೊಂಡಿರುತ್ತದೆ. ಸಿಂಫನಿಯಲ್ಲಿ ಷಡ್ಜವೇ ಜಾಗ ಬಿಟ್ಟು ಓಡಾಡುತ್ತದೆ. ಬ್ರುಕ್ನರ್ ತಾನು ಮುಗಿಸಿದ ಸಿಂಫನಿಗಳಲ್ಲೆಲ್ಲ ಎಷ್ಟು ದೂರ ಅಲೆದರೂ ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾನೆ. ಮಾಲರ್ ಎಷ್ಟೋ ಸಲ ಬರುವುದೇ ಇಲ್ಲ. ಅವನ ಐದನೆಯ ಸಿಂಫನಿ ಸಿ ಶಾರ್ಪ್ ಮೈನರ್‌ನಲ್ಲಿ, ಅಂದರೆ ಸಿ ಶಾರ್ಪ್ ಸ್ವರವನ್ನು ಷಡ್ಜ ಮಾಡಿಕೊಂಡು, ಹೊರಟು ಅರ್ಧ ಸ್ವರ ಮೇಲೆ, ಡಿ ಮೇಜರ್‌ನಲ್ಲಿ ಮುಗಿಯುತ್ತದೆ. ಒಂಬತ್ತನೆಯದು ಡಿ ಮೇಜರ್‌ನಲ್ಲಿ ಹೊರಟು ಅರ್ಧ ಸ್ವರ ಕೆಳಗೆ ಇಳಿದು ಡಿ ಫ್ಲಾಟ್‌ನಲ್ಲಿ ನಂದಿಹೋಗುತ್ತದೆ. ಇಬ್ಬರ ಸೆಳೆತದ ಬೇರು ಇಲ್ಲಿದೆ ಎನ್ನುವುದು ನಮ್ಮ ಅಭಿಪ್ರಾಯ. ‘ಬ್ರುಕ್ನರ್ ಭಕ್ತ, ಮಾಲರ್ ಸಂಶಯವಾದಿ’ ಎಂಬ ಸಿದ್ಧಮಾತು ಕಿವಿಗೆ ಏನೂ ಸಹಾಯ ಮಾಡುವುದಿಲ್ಲ.

ಬ್ರುಕ್ನರ್‌ಗೆ ಏಳನೆಯ ಸಿಂಫನಿಯೇ ಸರಿಯಾದ ಬಾಗಿಲು. ಅವನಿಗೆ ನಿಜವಾದ ಮನ್ನಣೆ ತಂದಿದ್ದೂ ಅದೇ, 1884ರ ಡಿಸೆಂಬರ್ 30ರಂದು, ವಿಯೆನ್ನಾದಲ್ಲಲ್ಲ, ಲೈಪ್‌ಜಿಗ್‌ನಲ್ಲಿ, ಆರ್ಥರ್ ನಿಕಿಶ್ ನಿರ್ದೇಶನದಲ್ಲಿ. ಪಿಟೀಲುಗಳ ಸಣ್ಣ ನಡುಕದ ಮೇಲೆ ಚೆಲ್ಲೊಗಳೂ ಒಂದು ಹಾರ್ನೂ ಸೇರಿ ಎರಡು ಸ್ಥಾಯಿ ಏರುವ ಉದ್ದದ ಸಾಲು ಎತ್ತಿಕೊಳ್ಳುತ್ತವೆ. ಅವಸರವಿಲ್ಲ. ಅವನ ಮೊದಲ ಭಾಗಗಳಲ್ಲಿ ಸಾಮಾನ್ಯವಾಗಿ ಎರಡಲ್ಲ, ಮೂರು ವಿಷಯಗಳು, ಅಂದರೆ ಮುಖ್ಯ ಧಾಟಿಗಳು, ಇರುತ್ತವೆ: ಮೊದಲನೆಯದು ವಿಶಾಲ, ಎರಡನೆಯದು ಹಾಡಿನಂಥದ್ದು, ಮೂರನೆಯದು ಲಯಕ್ಕೆ ಅಂಟಿಕೊಂಡದ್ದು. ಇದು ಗೊತ್ತಿಲ್ಲದೆ ಕೇಳಿದರೆ ‘ಮತ್ತೆ ಮತ್ತೆ ಶುರು ಮಾಡುತ್ತಾನಲ್ಲ’ ಅನ್ನಿಸುತ್ತದೆ. ಶಬ್ದ ಏರಿ ಏರಿ, ಇನ್ನೇನು ಒಡೆಯಬೇಕು ಅನ್ನುವಾಗ ಇಡೀ ವಾದ್ಯವೃಂದ ಸುಮ್ಮನಾಗುತ್ತದೆ. ಆಮೇಲೆ ಬೇರೆಯೇ ಕಡೆಯಿಂದ ಮೆಲ್ಲಗೆ ಆರಂಭ.

ಈ ಮೌನಗಳಿಗೆ ಕಾರಣ ಅವನ ಹಳೆಯ ಕಸುಬು. ಬ್ರುಕ್ನರ್ ಸಂತ ಫ್ಲೋರಿಯನ್ ಮಠದಲ್ಲೂ ಆಮೇಲೆ ಲಿಂಟ್ಸ್‌ನಲ್ಲೂ ಚರ್ಚಿನ ಆರ್ಗನ್ ನುಡಿಸುತ್ತಿದ್ದವನು. ಕಲ್ಲಿನ ಚಾವಣಿಯ ಕೆಳಗೆ ದೊಡ್ಡ ಸ್ವರಗುಚ್ಛ ನುಡಿಸಿ ಕೈ ಎತ್ತಿದ ಮೇಲೂ ನಾದ ಗಾಳಿಯಲ್ಲಿ ಉಳಿದಿರುತ್ತದೆ. ಅದು ಇಳಿಯುವವರೆಗೆ ಮುಂದಿನದನ್ನು ನುಡಿಸುವಂತಿಲ್ಲ. ಆ ಅಭ್ಯಾಸ ಸಿಂಫನಿಯೊಳಗೂ ಬಂತು. ಹಾಗಾಗಿ ಒಣ ಸಭಾಂಗಣದಲ್ಲಿ, ಕಾರಿನ ಸ್ಪೀಕರಿನಲ್ಲಿ, ಅವನ ಮೌನಗಳು ಬರಿಯ ತೂತುಗಳಂತೆ ಕೇಳುತ್ತವೆ. ಕೇಳುಗರು ಬ್ರುಕ್ನರ್‌ನನ್ನು ಬೈಯುವಾಗ ಬಹುಪಾಲು ಬೈಯುತ್ತಿರುವುದು ಕೋಣೆಯನ್ನು.

ಏಳನೆಯದರ ಮೊದಲ ಭಾಗದ ಕೊನೆಗೆ ಗಮನ ಕೊಡಿ. ಕೆಳಗೆ ಟಿಂಪನಿ ನಗಾರಿಯೂ ಮಂದ್ರದ ವಾದ್ಯಗಳೂ ಒಂದೇ ಸ್ವರವನ್ನು, ಆ ಸಿಂಫನಿಯ ಷಡ್ಜವನ್ನು, ಬಹಳ ಹೊತ್ತು ಹಿಡಿದು ನಿಲ್ಲುತ್ತವೆ. ಇಪ್ಪತ್ತು ನಿಮಿಷ ಕಾಣೆಯಾಗಿದ್ದ ತಂಬೂರಿ ಕೊನೆಗೆ ಬಂದು ಕುಳಿತ ಹಾಗೆ. ಗಂಗೂಬಾಯಿ ಹಾನಗಲ್ ಅವರ ವಿಲಂಬಿತ ಖಯಾಲ್ ಕೇಳಿ ಪಳಗಿದವರಿಗೆ ಈ ತಾಳ್ಮೆ ಹೊಸದಲ್ಲ. ವಿಯೆನ್ನಾದ ಹಳೆಯ ಚಂದಾದಾರರಿಗಿಂತ ಅವರೇ ಇದನ್ನು ಬೇಗ ಹಿಡಿದಾರು.

ಮಾಲರ್ ಕೆಲಸ ಮಾಡುವ ರೀತಿ ಪೂರ್ತಿ ಬೇರೆ. ಅವನು ಬೊಹೀಮಿಯಾ ಸೀಮೆಯ ಯಹೂದಿ ಮನೆಯಲ್ಲಿ 1860ರಲ್ಲಿ ಹುಟ್ಟಿ, ಸೈನಿಕರ ಠಾಣೆಯಿದ್ದ ಇಗ್ಲಾವ್ ಪಟ್ಟಣದಲ್ಲಿ ಬೆಳೆದ. ಸೇನೆಯ ಬ್ಯಾಂಡು, ಹಳ್ಳಿಯ ಕುಣಿತ, ಶವಯಾತ್ರೆ, ಮಕ್ಕಳ ಪದ, ಎಲ್ಲವೂ ಅವನ ಸಿಂಫನಿಯೊಳಗೆ ಹೆಸರು ಮುಖ ಬದಲಿಸದೆ ನುಗ್ಗುತ್ತವೆ. ಸಿಂಫನಿ ಜಗತ್ತಿನಂತಿರಬೇಕು, ಎಲ್ಲವನ್ನೂ ಒಳಗೊಳ್ಳಬೇಕು ಎಂದು ಅವನು 1907ರಲ್ಲಿ ಫಿನ್ಲೆಂಡಿನ ರಚನಕಾರ ಸಿಬೇಲಿಯಸ್‌ಗೆ ಹೇಳಿದ್ದು ಪ್ರಸಿದ್ಧ. ಮೊದಲನೆಯ ಸಿಂಫನಿಯ ಮೂರನೆಯ ಭಾಗ ನೋಡಿ: ನಮ್ಮ ಕಾನ್ವೆಂಟುಗಳಲ್ಲಿ ‘ಆರ್ ಯೂ ಸ್ಲೀಪಿಂಗ್, ಬ್ರದರ್ ಜಾನ್’ ಎಂದು ಕಲಿಸುವ ಅದೇ ಧಾಟಿಯನ್ನು ಮೈನರ್‌ಗೆ ತಿರುಗಿಸಿ, ಒಂಟಿ ಡಬಲ್ ಬೇಸ್ ಕೈಗೆ ಕೊಟ್ಟು, ಶವಯಾತ್ರೆ ಮಾಡಿದ್ದಾನೆ. ನಡುವೆ ಬೀದಿ ಬ್ಯಾಂಡು ಬಂದು ಹೋಗುತ್ತದೆ. ಅಳಬೇಕೋ ನಗಬೇಕೋ ತಿಳಿಯದ ಆ ಇಕ್ಕಟ್ಟೇ ಅವನ ಸೆಳೆತ. ಕೇಳಿದ ಮೊದಲ ಸಲವೇ ಅದು ಹಿಡಿಯುತ್ತದೆ; ಬ್ರುಕ್ನರ್‌ಗೆ ಮೂರು ಸಲವಾದರೂ ಬೇಕು.

ಮಾಲರ್‌ನನ್ನು ಕಣ್ಣಿನಿಂದಲೂ ಕೇಳಬೇಕು. 1897ರಿಂದ 1907ರವರೆಗೆ ವಿಯೆನ್ನಾದ ರಾಜ ಒಪೆರಾದ ನಿರ್ದೇಶಕನಾಗಿದ್ದವನು ಅವನು, ರಂಗಸಜ್ಜಿಕೆ ಅವನಿಗೆ ಗೊತ್ತು. ಮೊದಲನೆಯ ಸಿಂಫನಿಯ ಕೊನೆಯಲ್ಲಿ ಹಾರ್ನ್ ವಾದಕರು ಎದ್ದು ನಿಂತು ಊದುತ್ತಾರೆ. ಎರಡನೆಯದರಲ್ಲಿ ವೇದಿಕೆಯ ಹೊರಗಿನಿಂದ ಟ್ರಂಪೆಟ್ಟು, ಹಾರ್ನುಗಳು ಕೂಗುತ್ತವೆ. ಆರನೆಯದರಲ್ಲಿ ದನಗಳ ಕೊರಳಗಂಟೆ ದೂರದಿಂದ ಕೇಳಬೇಕು, ಮೇಯುವ ಹಿಂಡಿನ ಗಂಟೆಯ ಹಾಗೆ ಒಮ್ಮೆ ಒಂದು, ಒಮ್ಮೆ ನಾಲ್ಕು. ಕೊನೆಯ ಭಾಗದಲ್ಲಿ ದೊಡ್ಡ ಸುತ್ತಿಗೆಯ ಪೆಟ್ಟು. ಆ ಪೆಟ್ಟಿನಲ್ಲಿ ಲೋಹದ ಸದ್ದು ಇರಕೂಡದು, ಕೊಡಲಿ ಬಿದ್ದಂತೆ ಮೊಂಡಾಗಿ ಕೇಳಬೇಕು ಎಂದು ಸ್ವರಲಿಪಿಯಲ್ಲೇ ಬರೆದಿದ್ದಾನೆ. ಇದಕ್ಕಾಗಿ ವಾದ್ಯವೃಂದಗಳು ಮರದ ಪೆಟ್ಟಿಗೆ ಮಾಡಿಸಿಕೊಳ್ಳುತ್ತವೆ. ಪೆಟ್ಟಿಗೆ ಚಿಕ್ಕದಾದರೆ ಬಾಗಿಲು ಬಡಿದ ಸದ್ದು ಬಂದು ಇಡೀ ದುರಂತ ನಗೆಪಾಟಲಾಗುತ್ತದೆ. ಟಿಕೆಟ್ ಕೊಳ್ಳುವಾಗ ವೇದಿಕೆಯ ಹಿಂಭಾಗ ಕಾಣುವ ಜಾಗ ನೋಡಿಕೊಳ್ಳಿ.

ಮಾಲರ್‌ಗೆ ಬಾಗಿಲು ಯಾವುದು? ನಾಲ್ಕನೆಯದು. ಸುಮಾರು 55 ನಿಮಿಷ, ಟ್ರೊಂಬೋನ್ ಟ್ಯೂಬಾಗಳಿಲ್ಲ, ಕೊನೆಗೆ ಒಬ್ಬ ಗಾಯಕಿ ಸ್ವರ್ಗದ ಊಟದ ಬಗ್ಗೆ ಮಗುವಿನ ಮಾತಲ್ಲಿ ಹಾಡುತ್ತಾಳೆ. ಮೂರನೆಯದನ್ನು ಮೊದಲು ಮುಟ್ಟಬೇಡಿ. ಅದರ ಮೊದಲ ಭಾಗವೇ ಅರ್ಧ ಗಂಟೆ ದಾಟುತ್ತದೆ.

ಬ್ರುಕ್ನರ್‌ನಲ್ಲಿ ಇನ್ನೊಂದು ತೊಡಕಿದೆ, ಪಾಠಾಂತರದ್ದು. ಹಳಗನ್ನಡ ಕಾವ್ಯದ ಸಂಪಾದನೆ ಗೊತ್ತಿದ್ದವರಿಗೆ ಇದು ಪರಿಚಿತ ರಗಳೆ. ಮೂರನೆಯ ಸಿಂಫನಿಗೆ 1873, 1877, 1889ರ ರೂಪಗಳಿವೆ. 1877ರ ಡಿಸೆಂಬರ್ 16ರಂದು ಅವನೇ ನಿರ್ದೇಶಿಸಿದಾಗ ಜನ ಎದ್ದು ಹೋದರು. ಉಳಿದ ಕೆಲವರಲ್ಲಿ ಹದಿನೇಳರ ಹುಡುಗ ಮಾಲರ್ ಇದ್ದ. ಆಮೇಲೆ ಆ ಸಿಂಫನಿಯನ್ನು ಪಿಯಾನೊ ಮೇಲೆ ನಾಲ್ಕು ಕೈಗಳಿಗೆ ಹೊಂದಿಸಿದ್ದೂ ಅವನೇ. ಎಂಟನೆಯದನ್ನು 1887ರಲ್ಲಿ ವಾದ್ಯವೃಂದ ನಿರ್ದೇಶಕ ಹರ್ಮನ್ ಲೆವಿ ಒಪ್ಪದಿದ್ದಾಗ ಬ್ರುಕ್ನರ್ ಕುಸಿದು, 1890ರ ಹೊತ್ತಿಗೆ ಮತ್ತೆ ಬರೆದ. ಮೊದಲ ರೂಪದ ನಿಧಾನದ ಭಾಗದಲ್ಲಿ ದೊಡ್ಡ ಕಂಚಿನ ತಾಳ ಆರು ಸಲ ಬಡಿಯುತ್ತದೆ, ಎರಡನೆಯದರಲ್ಲಿ ಎರಡೇ ಸಲ. ಏಳನೆಯದರಲ್ಲಂತೂ ಒಂದೇ ಪೆಟ್ಟು. ಅದೂ ಹಸ್ತಪ್ರತಿಗೆ ಅಂಟಿಸಿದ ಚೀಟಿಯಲ್ಲಿದೆ, ಪಕ್ಕದಲ್ಲಿ ‘ಇದು ಲೆಕ್ಕಕ್ಕಿಲ್ಲ’ ಎಂಬ ಬರಹ. ರಾಬರ್ಟ್ ಹಾಸ್ ಸಂಪಾದನೆ ಆ ಪೆಟ್ಟನ್ನು ಬಿಟ್ಟಿತು, ಲಿಯೊಪೋಲ್ಡ್ ನೊವಾಕ್ ಸಂಪಾದನೆ ಇಟ್ಟುಕೊಂಡಿತು. ತಾಳ ಬೇಕು ಅನ್ನುವ ಪಕ್ಷ ನಮ್ಮದು. ಧ್ವನಿಮುದ್ರಿಕೆ ಆರಿಸುವಾಗ ವರ್ಷವನ್ನೂ ಸಂಪಾದಕರ ಹೆಸರನ್ನೂ ನೋಡಿ. ನಾಲ್ಕನೆಯದಕ್ಕೆ 1878/80 ಎಂದಿರುವುದನ್ನು ಹಿಡಿದರೆ ಸಾಕು.

ಇಬ್ಬರ ಜನಪ್ರಿಯತೆಯಲ್ಲಿ ಸಂಗೀತದ ಆಚೆಯ ಕೈವಾಡವೂ ಇದೆ. 1937ರ ಜೂನ್‌ನಲ್ಲಿ ಹಿಟ್ಲರ್ ರೇಗನ್ಸ್‌ಬುರ್ಗ್ ಬಳಿಯ ವಾಲ್ಹಾಲಾ ಎಂಬ ಜರ್ಮನ್ ಮಹನೀಯರ ಸ್ಮಾರಕದಲ್ಲಿ ಬ್ರುಕ್ನರ್ ಪ್ರತಿಮೆ ಅನಾವರಣಕ್ಕೆ ನಿಂತ. ಮಾಲರ್ ಸಂಗೀತಕ್ಕೆ ನಾಜಿಗಳು ನಿಷೇಧ ಹಾಕಿದರು. 1938ರ ಜನವರಿ 16ರಂದು ನಿರ್ದೇಶಕ ಬ್ರೂನೊ ವಾಲ್ಟರ್ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಂಗೀತಭವನದಲ್ಲಿ ಮಾಲರ್‌ನ ಒಂಬತ್ತನೆಯದನ್ನು ಮುದ್ರಿಸಿದರು. ಎರಡು ತಿಂಗಳೊಳಗೆ ಆಸ್ಟ್ರಿಯಾ ಹಿಟ್ಲರನ ವಶವಾಯಿತು. ಅಂದು ಪಿಟೀಲು ಸಾಲಿನ ಮುಂದಿದ್ದ ಆರ್ನಾಲ್ಡ್ ರೋಸೆ ಮಾಲರ್‌ನ ತಂಗಿಯ ಗಂಡ, ದೇಶ ಬಿಟ್ಟು ಲಂಡನ್ ಸೇರಬೇಕಾಯಿತು. ಯುದ್ಧ ಮುಗಿದ ಮೇಲೆ ಮಾಲರ್‌ನನ್ನು ವಿಯೆನ್ನಾ ಹೊಸದಾಗಿ ಕಲಿಯಬೇಕಾಯಿತು, ಕಲಿಸಿದವರಲ್ಲಿ ಅಮೆರಿಕದ ನಿರ್ದೇಶಕ ಬರ್ನ್‌ಸ್ಟೈನ್ ಮುಖ್ಯ. (ಆ ಕಾಲದ ಸಂಗೀತಕ್ಕೆ ಮೈಸೂರಿನದೂ ಒಂದು ಕೈ ಇತ್ತು: ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಕೇಳಿಬಂದದ್ದು ಜಯಚಾಮರಾಜ ಒಡೆಯರ್ ಕೊಟ್ಟ ಹಣದ ಭರವಸೆಯಿಂದ.)

ಮನೆಯಲ್ಲಿ ಕೇಳುವವರಿಗೆ ಒಂದೆರಡು ಮಾತು. ಇಬ್ಬರೂ ಎಷ್ಟೋ ಸಲ ಪಿಸುಮಾತಿನಿಂದ ಶುರುಮಾಡುತ್ತಾರೆ. ಕೇಳಿಸುತ್ತಿಲ್ಲವೆಂದು ಸದ್ದು ಏರಿಸಿದರೆ ಐದು ನಿಮಿಷದಲ್ಲಿ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ದೊಡ್ಡ ಸದ್ದಿನ ಜಾಗವನ್ನು ಮೊದಲು ಹಾಕಿ, ಅಲ್ಲಿ ಸಹಿಸುವಷ್ಟಕ್ಕೆ ಮಟ್ಟ ನಿಲ್ಲಿಸಿ, ಆಮೇಲೆ ಮೊದಲಿನಿಂದ ಕೇಳಿ. ಆ್ಯಪ್‌ನಲ್ಲಿ ಸದ್ದನ್ನು ಸಮ ಮಾಡುವ ಆಯ್ಕೆಯನ್ನು ತೆಗೆದುಬಿಡಿ. ಮಾಲರ್‌ನ ಎರಡನೆಯದರ ಕೊನೆಯ ಮೂರು ಭಾಗಗಳು ಬಿಡುವಿಲ್ಲದೆ ಸಾಗಬೇಕು. ಹಾಡು ಹಾಡಿನ ನಡುವೆ ಆ್ಯಪ್ ಅಂತರ ಬಿಟ್ಟರೆ ಮಜಾ ಹೋಯಿತು. ಇಯರ್‌ಫೋನ್‌ನಲ್ಲಿ ಮಾಲರ್ ಗೆಲ್ಲುತ್ತಾನೆ, ಸಣ್ಣ ಸಣ್ಣ ಗುಂಪುಗಳ ಕುಸುರಿ ಚೆನ್ನಾಗಿ ಕಾಣುತ್ತದೆ. ಬ್ರುಕ್ನರ್‌ಗೆ ಸ್ಪೀಕರ್ ಬೇಕು, ಕೋಣೆ ಬೇಕು.

ವಿಯೆನ್ನಾಕ್ಕೇ ಬಂದು ಕೇಳುವುದಾದರೆ ಮ್ಯೂಸಿಕ್‌ಫೆರೈನ್‌ನ ಚಿನ್ನದ ಸಭಾಂಗಣದ ಹಿಂದುಗಡೆ ನಿಂತು ಕೇಳುವ ಜಾಗವಿದೆ, ಕುರ್ಚಿಗಿಂತ ಬಹಳ ಅಗ್ಗ. ಬೇಗ ಹೋದವರಿಗೆ ಒರಗಲು ಮುಂದಿನ ಕಂಬಿ. ಕೋಟು, ಚೀಲ ಹೊರಗಿನ ಕಪಾಟುಮನೆಯಲ್ಲಿ ಕೊಡಬೇಕು. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ಭಾನುವಾರದ ಕಛೇರಿ ಬೆಳಿಗ್ಗೆ 11ಕ್ಕೆ. ಬ್ರುಕ್ನರ್‌ನ ಎಂಟನೆಯ ಸಿಂಫನಿ ಒಂದೇ ಇರುವ ದಿನ ತಡವಾದರೆ ಇಡೀ ಕಛೇರಿಯೇ ತಪ್ಪಿಹೋಗಬಹುದು, ಏಕೆಂದರೆ ಸುಮಾರು 80 ನಿಮಿಷ, ನಡುವೆ ವಿರಾಮವಿಲ್ಲ. ತಿಂಡಿ ತಿಂದೇ ಹೋಗಿ. ಡಬಲ್ ಬೇಸ್‌ಗಳು ಇಲ್ಲಿ ಹಿಂದಿನ ಗೋಡೆಗೆ ಸಾಲಾಗಿ ನಿಲ್ಲುತ್ತವೆ, ಆರ್ಗನ್‌ನ ಕೆಳಗೆ. ಬ್ರುಕ್ನರ್‌ನ ಮಂದ್ರ ನೆಲದಿಂದ ಕಾಲಿಗೆ ಹತ್ತುತ್ತದೆ.

ಚಪ್ಪಾಳೆಯ ವಿಷಯದಲ್ಲಿ ಜಾಗ್ರತೆ. ಮಾಲರ್‌ನ ಒಂಬತ್ತನೆಯದು ತಂತಿವಾದ್ಯಗಳ ಉಸಿರಿನಲ್ಲಿ ಇಂಗಿಹೋಗುತ್ತದೆ, ನಿರ್ದೇಶಕರ ಕೈ ಪೂರ್ತಿ ಇಳಿಯುವವರೆಗೆ ಯಾರೂ ಅಲುಗುವುದಿಲ್ಲ. ಬ್ರುಕ್ನರ್‌ನ ಎಂಟನೆಯದರಲ್ಲಿ ಎಡವುವುದು ಸುಲಭ. ನಾಲ್ಕೂ ಭಾಗಗಳ ವಿಷಯಗಳು ಒಂದರ ಮೇಲೊಂದು ಕೂಡಿ, ಕೊನೆಗೆ ಎಲ್ಲ ವಾದ್ಯಗಳೂ ಒಂದೇ ದನಿಯಲ್ಲಿ ಇಳಿಯುತ್ತವೆ: ಗ, ರಿ, ಸ. ಆ ‘ಸ’ ಸಭಾಂಗಣದಲ್ಲಿ ಕರಗಲು ಸುಮಾರು ಎರಡು ಸೆಕೆಂಡು ಬೇಕು. ಅಷ್ಟು ಹೊತ್ತು ಕೈ ಕಟ್ಟಿಕೊಂಡಿರಿ.