ಲೋಟದಲ್ಲೇ ಶುರುವಾಗುವ ಸ್ಕ್ಯಾನ್

ಹೊಟ್ಟೆಯ ಸ್ಕ್ಯಾನ್‌ಗಳನ್ನು ನೋಡಿ ವರದಿ ಬರೆಯುವುದು ನನ್ನ ದಿನನಿತ್ಯದ ಕೆಲಸ. ಯಕೃತ್ತು, ಗುಲ್ಮ, ಮೂತ್ರಪಿಂಡಗಳು ತಮ್ಮ ತಮ್ಮ ಜಾಗದಲ್ಲಿ ಸುಮ್ಮನೆ ಕುಳಿತಿರುವ ಅಂಗಗಳಾದ್ದರಿಂದ ಅವುಗಳ ಚಿತ್ರ ತೆಗೆಯುವುದು ಬಹುಮಟ್ಟಿಗೆ ಯಂತ್ರದ ಪಾಲಿನ ಕೆಲಸ. ಸಣ್ಣ ಕರುಳಿನ ಸ್ವಭಾವವೇ ಬೇರೆ. ಜೀವಂತ ದೇಹದಲ್ಲಿ ಸುಮಾರು 3ರಿಂದ 5 ಮೀಟರ್ ಉದ್ದವಿರುವ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಈ ಕೊಳವೆ ಸುರುಳಿಸುರುಳಿಯಾಗಿ ಮಡಿಚಿಕೊಂಡು ಹೊಟ್ಟೆಯ ನಡುಭಾಗವನ್ನೆಲ್ಲ ತುಂಬಿಕೊಂಡಿರುತ್ತದೆ, ಬಿಟ್ಟೂಬಿಡದೆ ಅಲುಗುತ್ತಿರುತ್ತದೆ, ಒಳಗೇನೂ ಇಲ್ಲದ ಹೊತ್ತಿನಲ್ಲಿ ಚಪ್ಪಟೆಯಾಗಿ ಮುದುಡಿ ಬಿದ್ದಿರುತ್ತದೆ. ಹಾಗೆ ಮುದುಡಿದ ಕರುಳಿನ ಗೋಡೆ ಯಾವ ರೋಗವೂ ಇಲ್ಲದಿದ್ದರೂ ದಪ್ಪವಾಗಿಯೇ ಕಾಣುತ್ತದೆ. ಅದೇ ಗೋಡೆ ನೀರು ತುಂಬಿ ಹಿಗ್ಗಿದಾಗ ಒಂದೆರಡು ಮಿಲಿಮೀಟರಿಗೆ ಇಳಿಯುತ್ತದೆ. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಸಣ್ಣ ಕರುಳಿನ ಪರೀಕ್ಷೆಗಳಿಗೆ ಇಷ್ಟೊಂದು ಸಿದ್ಧತೆ ಏಕೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಬಾಯಿಯಿಂದ ಇಳಿಸುವ ಎಂಡೋಸ್ಕೋಪ್ ಸಾಮಾನ್ಯವಾಗಿ ಸಣ್ಣ ಕರುಳಿನ ಮೊದಲ ತುಂಡಾದ ಡುವೊಡಿನಮ್‌ನ ಎರಡನೆಯ ಭಾಗದವರೆಗೆ ಹೋಗಿ ನಿಲ್ಲುತ್ತದೆ. ಗುದದ್ವಾರದಿಂದ ಏರಿಸುವ ಕೊಲೊನೋಸ್ಕೋಪ್ ದೊಡ್ಡ ಕರುಳನ್ನೆಲ್ಲ ದಾಟಿ ಸಣ್ಣ ಕರುಳಿನ ಕೊನೆಯ ಕೆಲವು ಸೆಂಟಿಮೀಟರುಗಳನ್ನು ಇಣುಕಿ ನೋಡುತ್ತದೆ. ನಡುವಿನ ಮೀಟರುಗಟ್ಟಲೆ ಕರುಳು ಎರಡಕ್ಕೂ ಎಟುಕುವುದಿಲ್ಲ. ಎರಡೂ ಪರೀಕ್ಷೆಗಳಲ್ಲಿ ‘ನಾರ್ಮಲ್’ ಎಂದು ಬರೆಸಿಕೊಂಡು ಬಂದವರ ಹಿಮೊಗ್ಲೋಬಿನ್ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಲೇ ಇರುವುದುಂಟು. ಅವರ ಕೈಯಲ್ಲಿರುವ ವರದಿಗಳು ಸುಳ್ಳಲ್ಲ. ಅವು ನೋಡಿದ ಜಾಗದಲ್ಲಿ ರೋಗ ಇರಲಿಲ್ಲ, ಅಷ್ಟೇ.

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ನಡುವಿನ ಪ್ರದೇಶವನ್ನು ನೋಡಲು ಇದ್ದ ಮುಖ್ಯ ದಾರಿ ಬೇರಿಯಂ. ನೀರಿನಲ್ಲಿ ಕರಗುವ ಬೇರಿಯಂ ಲವಣಗಳು ವಿಷ. ಬೇರಿಯಂ ಸಲ್ಫೇಟ್ ಕರಗುವುದೇ ಇಲ್ಲವಾದ್ದರಿಂದ ರಕ್ತಕ್ಕೆ ಸೇರದೆ ಒಳಹೋದ ಹಾಗೆಯೇ ಹೊರಬರುತ್ತದೆ. ಸುಣ್ಣದ ನೀರಿನಂತಿರುವ ಅದನ್ನು ಕುಡಿಸಿ, ಅದು ದೊಡ್ಡ ಕರುಳಿನ ಬಾಗಿಲಿಗೆ ತಲುಪುವವರೆಗೆ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಎಕ್ಸ್‌ರೇ ತೆಗೆಯುತ್ತಾ ಹೋಗಬೇಕು. ಒಬ್ಬರಲ್ಲಿ ಒಂದು ಗಂಟೆಗೇ ಮುಗಿಯುವ ಈ ಪ್ರಯಾಣ ಇನ್ನೊಬ್ಬರಲ್ಲಿ ನಾಲ್ಕು ಗಂಟೆಯಾದರೂ ಮುಗಿಯುವುದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳು ಸೀಸದ ಏಪ್ರನ್ ತೊಟ್ಟು, ಸೀಸದ ಕೈಗವಸು ಹಾಕಿದ ಅಂಗೈಯಿಂದ ರೋಗಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಾ, ಒಂದರ ಮೇಲೊಂದು ಬಿದ್ದ ಕರುಳಿನ ಸುರುಳಿಗಳನ್ನು ಬಿಡಿಸಿ ನೋಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೂಗಿನಿಂದ ನಳಿಕೆ ಇಳಿಸಿ ಬೇರಿಯಂ ಅನ್ನು ನೇರವಾಗಿ ಸಣ್ಣ ಕರುಳಿಗೇ ಬಿಡುವ ಎಂಟೆರೋಕ್ಲೈಸಿಸ್ ಎಂಬ ವಿಧಾನವೂ ಇತ್ತು. ಚಿತ್ರ ಸೊಗಸಾಗಿ ಬರುತ್ತಿತ್ತು, ರೋಗಿಗೆ ಮಾತ್ರ ಹಿಂಸೆ. ಬೇರಿಯಂನ ದೊಡ್ಡ ಮಿತಿಯೆಂದರೆ ಅದು ಕೊಳವೆಯ ಒಳಗಿನ ಟೊಳ್ಳನ್ನು ಮಾತ್ರ ತೋರಿಸುತ್ತದೆ. ಗೋಡೆಯೊಳಗೆ ಏನು ನಡೆದಿದೆ, ಗೋಡೆಯಾಚೆಗಿನ ಕೊಬ್ಬಿನಲ್ಲಿ, ರಕ್ತನಾಳಗಳಲ್ಲಿ, ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್‌ಗಳಲ್ಲಿ) ಏನು ನಡೆದಿದೆ ಎಂಬುದನ್ನು ನಾವು ಊಹಿಸಿಕೊಳ್ಳಬೇಕಿತ್ತು.

ಸಿ.ಟಿ. ಎಂಟೆರೋಗ್ರಫಿ, ಅಂದರೆ ಸಣ್ಣ ಕರುಳನ್ನು ಹಿಗ್ಗಿಸಿ ಮಾಡುವ ಸಿ.ಟಿ. ಸ್ಕ್ಯಾನ್, ಈ ಊಹೆಯನ್ನು ಬಹಳಷ್ಟು ತಪ್ಪಿಸಿತು. ಇದರಲ್ಲಿ ರೋಗಿ ಸ್ಕ್ಯಾನ್‌ಗೆ ಮೊದಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಅವಧಿಯಲ್ಲಿ ಸುಮಾರು ಒಂದೂವರೆ ಲೀಟರ್ ದ್ರವವನ್ನು ಕುಡಿಯಬೇಕು. ಬರೀ ನೀರು ಏಕಾಗದು ಎಂದು ಹಲವರು ಕೇಳುತ್ತಾರೆ. ಬರೀ ನೀರನ್ನು ಕರುಳು ದಾರಿಯಲ್ಲೇ ಹೀರಿಕೊಂಡುಬಿಡುತ್ತದೆ; ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವ, ಸಣ್ಣ ಕರುಳಿನ ಕೆಳತುಂಡಾದ ಇಲಿಯಮ್‌ನ ಕೊನೆಯ ಭಾಗಕ್ಕೆ ಅದು ತಲುಪುವುದೇ ಕಡಿಮೆ. ಆದ್ದರಿಂದ ಮ್ಯಾನಿಟಾಲ್ ಅಥವಾ ಪಾಲಿಇಥಿಲೀನ್ ಗ್ಲೈಕಾಲ್‌ನಂತಹ, ಕರುಳು ಹೀರಿಕೊಳ್ಳದ ಪದಾರ್ಥವನ್ನು ಬೆರೆಸಿರುತ್ತೇವೆ. ಈ ದ್ರವ ಸ್ಕ್ಯಾನ್‌ನಲ್ಲಿ ನೀರಿನಂತೆಯೇ ಮಬ್ಬಾಗಿ ಕಾಣುತ್ತದೆ. ಆಮೇಲೆ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ, ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವ ಕಾಂಟ್ರಾಸ್ಟ್ ದ್ರವ ಕೊಟ್ಟು ಸುಮಾರು 45–50 ಸೆಕೆಂಡುಗಳಿಗೆ ಸ್ಕ್ಯಾನ್ ಮಾಡಿದರೆ, ಮಬ್ಬು ನೀರಿನ ಪಕ್ಕದಲ್ಲಿ ಕರುಳಿನ ಒಳಪೊರೆ ಬೆಳ್ಳಗೆ ಗೆರೆ ಎಳೆದಂತೆ ಮೂಡುತ್ತದೆ. ಒಳಗೆ ಬೇರಿಯಂನಂತಹ ಬಿಳಿ ದ್ರವವಿದ್ದಿದ್ದರೆ ಬಿಳಿಯಲ್ಲಿ ಬಿಳಿ ಬೆರೆತು ಈ ಗೆರೆಯೇ ಮರೆಯಾಗುತ್ತಿತ್ತು.

ಹಾಗಾಗಿ ಈ ಪರೀಕ್ಷೆಯ ಅರ್ಧ ಭಾಗ ನಡೆಯುವುದು ಯಂತ್ರದ ಕೋಣೆಯ ಹೊರಗಿನ ಬೆಂಚಿನ ಮೇಲೆ. ಮೊದಲ ಎರಡು ಲೋಟ ಸಲೀಸಾಗಿ ಇಳಿಯುತ್ತವೆ; ಮೂರನೆಯದಕ್ಕೆ ಸಪ್ಪೆ ಸಿಹಿ ನಾಲಿಗೆಗೆ ಅಂಟಿಕೊಳ್ಳುತ್ತದೆ; ಆಮೇಲೆ ರೋಗಿ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡತೊಡಗುತ್ತಾರೆ. ಬಹಳ ಮಂದಿ ಬಿಟ್ಟುಬಿಡುವುದು ಕೊನೆಯ ಲೋಟವನ್ನು. ಮೊದಲು ಕುಡಿದದ್ದು ಅಷ್ಟರಲ್ಲಿ ಕೆಳಗಿನ ಇಲಿಯಮ್ ತಲುಪಿರುತ್ತದೆ, ಮೇಲಿನ ಜೆಜುನಮ್ ಅನ್ನು ಹಿಗ್ಗಿಸಬೇಕಾದದ್ದು ಆ ಕೊನೆಯ ಲೋಟವೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬರ ವರದಿಯಲ್ಲಿ ಜೆಜುನಮ್‌ನ ಗೋಡೆ ದಪ್ಪವಾಗಿದೆ, ಉರಿಯೂತವಿರಬಹುದು ಎಂದು ಬರೆದಿದ್ದೆ. ಹಿರಿಯರೊಬ್ಬರು ಚಿತ್ರ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇವರು ಎಷ್ಟು ಕುಡಿದಿದ್ದರು?’ ವಿಚಾರಿಸಿದರೆ ಅರ್ಧಕ್ಕಿಂತ ಕಡಿಮೆ. ಸರಿಯಾಗಿ ಕುಡಿಸಿ ಎಂ.ಆರ್.ಐ. ಮಾಡಿದಾಗ ಆ ದಪ್ಪ ಮಾಯವಾಗಿತ್ತು. ಅಂದಿನಿಂದ ನನ್ನ ವರದಿಯ ಮೊದಲ ಸಾಲಿನಲ್ಲಿ, ಕರುಳಿನ ಯಾವ ಭಾಗ ಚೆನ್ನಾಗಿ ಹಿಗ್ಗಿದೆ, ಯಾವುದು ಹಿಗ್ಗಿಲ್ಲ ಎಂಬುದನ್ನು ಬರೆಯದೆ ಮುಂದಕ್ಕೆ ಹೋಗುವುದಿಲ್ಲ.

ಇದನ್ನೇ ಎಂ.ಆರ್.ಐ. ಯಂತ್ರದಲ್ಲಿ ಮಾಡುವ ಎಂ.ಆರ್. ಎಂಟೆರೋಗ್ರಫಿಯಲ್ಲೂ ಕುಡಿಯುವ ಕೆಲಸ ತಪ್ಪಿದ್ದಲ್ಲ, ಆದರೆ ವಿಕಿರಣವಿಲ್ಲ. ಕರುಳಿನಲ್ಲಿ ಉರಿಯೂತ ಉಂಟುಮಾಡುವ ಕ್ರೋನ್ಸ್ ಕಾಯಿಲೆ ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಶುರುವಾಗಿ ಬದುಕಿನುದ್ದಕ್ಕೂ ಜೊತೆಗಿರುವಂಥದ್ದು. ಅಂಥವರಿಗೆ ಮತ್ತೆ ಮತ್ತೆ ಸಿ.ಟಿ. ಮಾಡಿಸುವುದು ನನಗೆ ಒಪ್ಪಿಗೆಯಾಗದ ಮಾತು. ಸಿ.ಟಿ. ಕೆಲವೇ ಸೆಕೆಂಡುಗಳಲ್ಲಿ ಮುಗಿದರೆ ಎಂ.ಆರ್.ಐ.ಗೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ, ಅಷ್ಟು ಹೊತ್ತು ಕರುಳು ಸುಮ್ಮನಿರುವುದಿಲ್ಲ. ಆದ್ದರಿಂದ ಹಯೊಸಿನ್ ಬ್ಯುಟೈಲ್‌ಬ್ರೋಮೈಡ್‌ನಂತಹ ಔಷಧ ಕೊಟ್ಟು ಅದರ ಚಲನೆಯನ್ನು ಸ್ವಲ್ಪ ಕಾಲ ತಡೆಯುತ್ತೇವೆ. ಚುಚ್ಚುಮದ್ದಿಗೆ ಮೊದಲು, ಕರುಳು ಅಲುಗುತ್ತಿರುವಾಗಲೇ ಒಂದು ಚಲಿಸುವ ಚಿತ್ರವನ್ನು ತೆಗೆದಿಟ್ಟುಕೊಳ್ಳುವುದು ನನಗೆ ಬಹಳ ಇಷ್ಟ. ಸುತ್ತಲಿನ ಸುರುಳಿಗಳೆಲ್ಲ ಎರೆಹುಳುಗಳಂತೆ ತೆವಳುತ್ತಿರುವಾಗ ರೋಗಪೀಡಿತ ತುಂಡೊಂದು ಮಾತ್ರ ಕೋಲಿನಂತೆ ಸೆಟೆದುಕೊಂಡು ಬಿದ್ದಿರುತ್ತದೆ. ನೋಡಿದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. ಗೋಡೆಯಲ್ಲಿ ನೀರು ತುಂಬಿ ಬಾತುಕೊಂಡಿದ್ದರೆ ಅದನ್ನೂ ಎಂ.ಆರ್.ಐ. ಬೆಳ್ಳಗೆ ತೋರಿಸುತ್ತದೆ. ಕಿರಿದಾದ ಭಾಗ ಸಕ್ರಿಯ ಉರಿಯೂತದಿಂದ ಬಾತದ್ದೋ, ಹಳೆಯ ಗಾಯದ ನಾರಿನಿಂದ ಬಿಗಿದದ್ದೋ ಎಂಬ ಪ್ರಶ್ನೆಗೆ ಇದು ತಕ್ಕಮಟ್ಟಿಗೆ ಉತ್ತರ ಕೊಡುತ್ತದೆ. ಮೊದಲನೆಯದಕ್ಕೆ ಔಷಧ ನಾಟಬಹುದು, ಎರಡನೆಯದಕ್ಕೆ ಹಿಗ್ಗಿಸುವುದೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಎರಡೂ ಒಟ್ಟಿಗೇ ಇರುವುದೂ ಸಾಮಾನ್ಯ ಎಂಬುದೇ ತೊಡಕು.

ಕ್ರೋನ್ಸ್ ಕಾಯಿಲೆಯೋ ಕರುಳಿನ ಕ್ಷಯವೋ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಎರಡೂ ಇಲಿಯಮ್‌ನ ಕೊನೆಯ ಭಾಗವನ್ನು ಇಷ್ಟಪಡುತ್ತವೆ, ಎರಡರಲ್ಲೂ ಹುಣ್ಣು, ಗೋಡೆಯ ದಪ್ಪ, ಕಿರಿದಾಗುವಿಕೆ ಕಾಣುತ್ತವೆ. ನಡುನಡುವೆ ಆರೋಗ್ಯವಂತ ಕರುಳನ್ನು ಬಿಟ್ಟು ಹಲವೆಡೆ ರೋಗವಿದ್ದರೆ, ರೋಗಪೀಡಿತ ಭಾಗ ಉದ್ದವಾಗಿದ್ದರೆ, ಅದಕ್ಕೆ ಹೋಗುವ ರಕ್ತನಾಳಗಳು ಉಬ್ಬಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತಿದ್ದರೆ ಮನಸ್ಸು ಕ್ರೋನ್ಸ್ ಕಡೆಗೆ ವಾಲುತ್ತದೆ. ದುಗ್ಧಗ್ರಂಥಿಗಳು ದೊಡ್ಡದಾಗಿ ನಡುವೆ ಕೊಳೆತಂತೆ ಕಪ್ಪಾಗಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕ್ಷಯದ ಕಡೆಗೆ. ವಾಲುವುದು ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಕ್ಷಯವಿರುವಾಗ ಕ್ರೋನ್ಸ್ ಎಂದುಕೊಂಡು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಕೊಟ್ಟರೆ ಅನಾಹುತವಾಗುತ್ತದೆ. ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಜಾಗವನ್ನು ಚಿತ್ರ ತುಂಬಲಾರದು.

ಮೇಲ್ಮೈಯ ಸಣ್ಣಪುಟ್ಟ ಗಾಯಗಳ ವಿಷಯಕ್ಕೆ ಬಂದರೆ ನಮ್ಮ ಸ್ಕ್ಯಾನ್‌ಗಳು ಸೋಲೊಪ್ಪಬೇಕಾಗುತ್ತದೆ. ಒಳಪೊರೆಯ ಮೇಲೆ ಅಲ್ಲಲ್ಲಿ ಹರಡಿಕೊಂಡಿರುವ, ಗುಂಡುಸೂಜಿಯ ತಲೆಯಷ್ಟು ಚಿಕ್ಕ ರಕ್ತನಾಳದ ಗಂಟುಗಳಿಂದ ರಕ್ತ ಜಿನುಗುತ್ತಿದ್ದರೆ ಅದನ್ನು ಹಿಡಿಯುವುದು ನುಂಗುವ ಕ್ಯಾಮೆರಾ, ಅಂದರೆ ಕ್ಯಾಪ್ಸೂಲ್ ಎಂಡೋಸ್ಕೋಪಿ. ಇದರ ಹಿಂದಿರುವ ಗವ್ರಿಯೆಲ್ ಇಡ್ಡಾನ್ ವೈದ್ಯರಲ್ಲ, ಇಸ್ರೇಲಿನ ಎಂಜಿನಿಯರ್. ಕ್ಷಿಪಣಿಗಳ ಕಣ್ಣುಗಳ ಮೇಲೆ ಕೆಲಸ ಮಾಡಿದವರು. 2000ದಲ್ಲಿ ಇದರ ವಿವರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು, 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ದೊರೆಯಿತು. ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಆ ಮೊದಲ ಗುಳಿಗೆಗಳು ಸೆಕೆಂಡಿಗೆ ಎರಡರಂತೆ ಚಿತ್ರ ತೆಗೆಯುತ್ತಾ ಸುಮಾರು ಎಂಟು ಗಂಟೆಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಕಳಿಸುತ್ತಿದ್ದವು. ರೋಗಿಗೆ ಇಷ್ಟು ಸುಲಭವಾದ ಪರೀಕ್ಷೆ ಇನ್ನೊಂದಿಲ್ಲ. ಆ ಚಿತ್ರಗಳನ್ನೆಲ್ಲ ಕುಳಿತು ನೋಡುವವರ ಕಷ್ಟ ಬೇರೆ ಮಾತು.

ಆದರೆ ಗುಳಿಗೆಗೆ ಚುಕ್ಕಾಣಿಯಿಲ್ಲ. ಅದನ್ನು ಹಿಂದಕ್ಕೆ ತಿರುಗಿಸಲಾಗದು, ತುಣುಕು ತೆಗೆಸಲಾಗದು, ಡುವೊಡಿನಮ್‌ನಲ್ಲಿ ಅದು ಓಡುವ ವೇಗಕ್ಕೆ ಅಲ್ಲಿನ ಗಡ್ಡೆ ಕಣ್ತಪ್ಪಿಹೋಗಲೂಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕರುಳು ಎಲ್ಲಾದರೂ ಕಿರಿದಾಗಿದ್ದರೆ ಗುಳಿಗೆ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಊಟವಾದ ಮೇಲೆ ಹೊಟ್ಟೆ ಕಿವುಚಿದಂತೆ ನೋವು, ಉಬ್ಬರ, ವಾಂತಿ ಇರುವವರಿಗೆ ಮೊದಲು ಸ್ಕ್ಯಾನ್ ಮಾಡಿಸಿ ದಾರಿ ಸರಾಗವಾಗಿದೆಯೇ ಎಂದು ನೋಡಿಕೊಳ್ಳುವುದು ಇದೇ ಕಾರಣಕ್ಕೆ. ಅನುಮಾನವಿದ್ದರೆ, ಸಿಕ್ಕಿಕೊಂಡರೂ ತಾನಾಗಿ ಕರಗಿಹೋಗುವ ಖಾಲಿ ಗುಳಿಗೆಯೊಂದನ್ನು ಮೊದಲು ನುಂಗಿಸಿ ಪರೀಕ್ಷಿಸುವ ಉಪಾಯವೂ ಇದೆ. ಕ್ಯಾಮೆರಾ ಗುಳಿಗೆ ಹೊರಬಿದ್ದದ್ದು ಖಚಿತವಾಗುವವರೆಗೆ ಎಂ.ಆರ್.ಐ. ಕೋಣೆಯ ಬಳಿ ಸುಳಿಯಬಾರದು. ಗುಳಿಗೆ ತೋರಿಸಿದ ಜಾಗಕ್ಕೆ ಕೈಹಾಕಬೇಕಾದಾಗ ಬೇಕಾಗುವುದು ಬಲೂನ್ ಎಂಟೆರೋಸ್ಕೋಪಿ. ಜಪಾನಿನ ಹಿರೊನೊರಿ ಯಮಾಮೊಟೊ 2001ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಎರಡು ಬಲೂನುಗಳನ್ನು ಸರದಿಯಂತೆ ಉಬ್ಬಿಸುತ್ತಾ, ಅಂಗಿಯ ಉದ್ದನೆಯ ತೋಳನ್ನು ಮುಂಗೈಯ ಮೇಲಕ್ಕೆ ಮಡಿಸಿಕೊಂಡ ಹಾಗೆ, ಕರುಳನ್ನು ಸ್ಕೋಪಿನ ಮೇಲೆ ನೆರಿಗೆಗಟ್ಟಿಸಿಕೊಂಡು ಮುಂದೆ ಸಾಗುತ್ತಾರೆ.

ರಕ್ತ ಜಿನುಗುವುದಲ್ಲ, ಹರಿಯುತ್ತಿದೆ ಎಂದಾದರೆ ಗುಳಿಗೆ ನುಂಗಿಸಿ ಕಾಯುವ ಪುರುಸೊತ್ತಿರುವುದಿಲ್ಲ, ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೋಗ್ರಫಿಗೆ ಓಡಬೇಕು. ಮಗುವಿನ ಮಲದಲ್ಲಿ ನೋವಿಲ್ಲದೆ ರಕ್ತ ಹೋದರೆ ಸಣ್ಣ ಕರುಳಿನ ಗೋಡೆಯಿಂದ ಹೊರಚಾಚಿರುವ ಮೆಕೆಲ್ ಚೀಲದ ನೆನಪಾಗಬೇಕು. ನೂರರಲ್ಲಿ ಸುಮಾರು ಇಬ್ಬರಿಗೆ ಹುಟ್ಟಿನಿಂದಲೇ ಇರುವ ಈ ಚೀಲದಲ್ಲಿ ಕೆಲವೊಮ್ಮೆ ಜಠರದ ಒಳಪೊರೆ ದಾರಿತಪ್ಪಿ ಬೆಳೆದಿರುತ್ತದೆ, ಆಮ್ಲ ಸುರಿಸಿ ಹುಣ್ಣು ಮಾಡುತ್ತದೆ. ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತುವನ್ನು ಚುಚ್ಚಿದಾಗ ಆ ಪೊರೆ ಅದನ್ನು ಹೀರಿಕೊಂಡು ಚಿತ್ರದಲ್ಲಿ ಚುಕ್ಕೆಯಾಗಿ ಮೂಡುತ್ತದೆ.

ಕರುಳು ಕಟ್ಟಿಕೊಂಡು ಬಂದವರಿಗೆ ಕುಡಿಸುವ ಮಾತೇ ಇಲ್ಲ. ಅವರ ಕರುಳು ತನ್ನದೇ ದ್ರವದಿಂದ ತುಂಬಿ ಮೂರು ಸೆಂಟಿಮೀಟರನ್ನೂ ಮೀರಿ ಹಿಗ್ಗಿರುತ್ತದೆ. ಹಿಗ್ಗಿದ ಕರುಳು ಎಲ್ಲಿ ಒಮ್ಮೆಲೇ ಸಣ್ಣಗಾಗುತ್ತದೆ, ಗೋಡೆಗೆ ರಕ್ತ ಹರಿಯುತ್ತಿದೆಯೇ ಎಂಬೆರಡನ್ನು ಸಿ.ಟಿ.ಯಲ್ಲಿ ಬೇಗ ಹೇಳಬೇಕು. ಇನ್ನು ಅಲ್ಟ್ರಾಸೌಂಡ್ ಅನ್ನು ನಾವು ಬಹಳ ಕಾಲ ಕಡೆಗಣಿಸಿದೆವು ಎಂದು ನನಗನ್ನಿಸುತ್ತದೆ. ಸಣಕಲು ಮೈಯವರಲ್ಲಿ, ಮಕ್ಕಳಲ್ಲಿ, ಒಳ್ಳೆಯ ಪ್ರೋಬ್ ಹಿಡಿದ ಅನುಭವಿ ಕೈ ಮೂರು ಮಿಲಿಮೀಟರಿಗಿಂತ ದಪ್ಪವಾದ ಗೋಡೆಯನ್ನೂ ಅದರೊಳಗಿನ ಹೆಚ್ಚಿದ ರಕ್ತಸಂಚಾರವನ್ನೂ ಯಾವ ಸಿದ್ಧತೆಯೂ ಇಲ್ಲದೆ ಹಿಡಿಯಬಲ್ಲದು. ಕ್ರೋನ್ಸ್ ರೋಗಿಗೆ ಔಷಧ ನಾಟುತ್ತಿದೆಯೇ ಎಂದು ಪದೇ ಪದೇ ನೋಡಲು ಇದಕ್ಕಿಂತ ಸರಳವಾದ ದಾರಿಯಿಲ್ಲ.

ಸ್ಕ್ಯಾನ್‌ಗೆ ಕಳಿಸುವ ವೈದ್ಯರು ಚೀಟಿಯಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಬರೆದಾಗ ನಾನು ರೋಗಿಯನ್ನೇ ಕೇಳಿ ತಿಳಿದುಕೊಳ್ಳುತ್ತೇನೆ: ನೋವು ಊಟದ ನಂತರವೇ, ತೂಕ ಇಳಿದಿದೆಯೇ, ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆಯೇ, ನೋವಿನ ಮಾತ್ರೆಗಳನ್ನು ದಿನವೂ ನುಂಗುತ್ತೀರಾ. ಉತ್ತರದ ಮೇಲೆ ಒಮ್ಮೊಮ್ಮೆ ಪರೀಕ್ಷೆಯೇ ಬದಲಾಗುತ್ತದೆ. ಬದಲಾಗದಿದ್ದರೆ ಲೋಟಗಳನ್ನು ಸಾಲಾಗಿ ಇಟ್ಟು, ಕೊನೆಯದನ್ನು ಬಿಡಬೇಡಿ ಎಂದು ಹೇಳಿ, ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಕರುಳು ಹೀರಿಕೊಳ್ಳದ ಆ ಒಂದೂವರೆ ಲೀಟರ್ ಎಲ್ಲಿಗಾದರೂ ಹೋಗಲೇಬೇಕಲ್ಲ, ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ ದೂರದ ಪ್ರಯಾಣ ಹೊರಡಬೇಡಿ, ಶೌಚಾಲಯ ಈ ಕೋಣೆಯ ಎಡಪಕ್ಕದಲ್ಲೇ ಇದೆ.