ಎರಡು ರೂಪಾಯಿ ಶೇರ್ ತಗೊಳ್ಳಬಹುದಾ?

"ಸರ, ಎರಡು ರೂಪಾಯಿ ಶೇರ್ ಐತ್ರಿ. ಹೋದ್ರ ಎರಡೇ ರೂಪಾಯಿ, ಬಂದ್ರ ಇಪ್ಪತ್ತು. ತಗೊಳ್ಳಲೇನ್ರಿ?"

ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥರ ಲೆಕ್ಕ ಬರೆಯುವುದು ನನ್ನ ಕೆಲಸ. ವಾರಕ್ಕೊಬ್ಬರಾದರೂ ಹೀಗೆ ಕೇಳುತ್ತಾರೆ.

ಎರಡೇ ರೂಪಾಯಿ ಹಾಕುವವರು ಯಾರೂ ಇಲ್ಲ. ಅಗ್ಗ ಅಂತ 50,000 ಶೇರ್ ಕೊಳ್ಳುತ್ತಾರೆ. ಹೋದರೆ ಹೋಗುವುದು ಒಂದು ಲಕ್ಷ. ಅದಕ್ಕಿಂತ ಮುಖ್ಯ, ಅದು ಅಗ್ಗವೇ ಅಲ್ಲದಿರಬಹುದು. ಕಂಪನಿಯದು 200 ಕೋಟಿ ಶೇರ್ ಇದ್ದರೆ, ಎರಡು ರೂಪಾಯಿಯಂತೆ ಇಡೀ ಕಂಪನಿಗೆ 400 ಕೋಟಿ ಬೆಲೆ ಕಟ್ಟಿದಂತಾಯಿತು. ವರ್ಷದ ಲಾಭ 80 ಲಕ್ಷ ಎಂದಿಟ್ಟುಕೊಳ್ಳಿ. ಲಾಭದ 500 ಪಟ್ಟು ಕೊಡುತ್ತಿದ್ದೀರಿ! ಗೋಕುಲ ರೋಡಿನಲ್ಲಿ ಒಂದು ವರ್ಕ್‌ಶಾಪ್ ಮಾರಾಟಕ್ಕಿದ್ದರೆ ಆ ಲೆಕ್ಕದಲ್ಲಿ ಕೊಳ್ಳುತ್ತೀರಾ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರನ್ನು ನೋಡಿ. ಚೀಲದೊಳಗೆ ಕೈ ಹಾಕಿ ಕಾಯಿ ತೆಗೆಯುತ್ತಾರೆ. ಬಣ್ಣ ನೋಡುತ್ತಾರೆ, ಒಣಗಿದೆಯಾ ಎಂದು ಮುರಿದು ನೋಡುತ್ತಾರೆ. ಅದೇ ಜನ ವಾಟ್ಸಾಪ್‌ನಲ್ಲಿ ಬಂದ ಹೆಸರಿಗೆ ಸುಮ್ನೆ ಲಕ್ಷ ಹಾಕುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ.

ಕಂಪನಿಯ ಚೀಲದೊಳಗೆ ಕೈ ಹಾಕುವುದು ಕಷ್ಟವಲ್ಲ. ವಾರ್ಷಿಕ ವರದಿ ಬಿಎಸ್‌ಇ (ಮುಂಬೈ ಶೇರ್ ಎಕ್ಸ್‌ಚೇಂಜ್) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಮೊದಲು ನೋಡುವುದು ಉದ್ರಿ. ಲಾಭ ಬರೆದಿದ್ದಾರೆ, ಆದರೆ ರೊಕ್ಕ ಬಂದಿದೆಯಾ? ಮಾರಾಟಕ್ಕಿಂತ ಬಾಕಿ ಜೋರಾಗಿ ಬೆಳೆಯುತ್ತಿದ್ದರೆ, ಮೂರು ವರ್ಷದಿಂದ ವ್ಯವಹಾರದ ಕ್ಯಾಶ್ ಫ್ಲೋ ಮೈನಸ್ ಇದ್ದರೆ, ಅಂದರೆ ವ್ಯವಹಾರದಲ್ಲಿ ಬಂದ ರೊಕ್ಕಕ್ಕಿಂತ ಹೋದ ರೊಕ್ಕವೇ ಹೆಚ್ಚಿದ್ದರೆ, ಆ ಲಾಭವನ್ನು ನಾನು ನಂಬುವುದಿಲ್ಲ. ಉದ್ರಿ ಏನೆಂದು ನಿಮಗೆ ನಾನು ಹೇಳಿಕೊಡಬೇಕಾ? ಆಮೇಲೆ, ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ಪಟ್ಟಿ. ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವವರ) ಪಾಲು ಇಳಿಯುತ್ತಾ, ಸಣ್ಣವರ ಪಾಲು ಏರುತ್ತಾ ಹೋದರೆ, ಒಳಗಿನವರು ಮಾರುತ್ತಿರಬಹುದು, ನಾವು ಕೊಳ್ಳುತ್ತಿದ್ದೇವೆ. ಪ್ರವರ್ತಕರು ತಮ್ಮ ಶೇರ್ ಅಡವಿಟ್ಟು ಸಾಲ ತಂದಿದ್ದಾರಾ, ಆಡಿಟರ್ ನಡುವೆಯೇ ಬಿಟ್ಟುಹೋದರಾ, ಇವನ್ನೂ ನೋಡಿ.

ಕೊಳ್ಳುವುದಕ್ಕಿಂತ ಮಾರುವುದೇ ಕಷ್ಟ. ನನ್ನ ಸೋದರಮಾವ ಅನುಭವಿಸಿದ್ದು ಅದನ್ನೇ. ನಾಲ್ಕು ರೂಪಾಯಿಗೆ ಕೊಂಡಿದ್ದರು, ಏಳಕ್ಕೆ ಹೋಯಿತು, ಊರಿಗೆಲ್ಲ ಪೇಡೆ ಹಂಚುವಷ್ಟು ಖುಷಿ. ನಂತರ ಲೋವರ್ ಸರ್ಕ್ಯೂಟ್ ಶುರುವಾಯಿತು, ಅಂದರೆ ಒಂದು ದಿನದಲ್ಲಿ ದರ ಎಷ್ಟು ಇಳಿಯಬಹುದೋ ಆ ಮಿತಿಗೆ ಬಂದು ನಿಲ್ಲುವುದು. ದಿನಾ ಬೆಳಿಗ್ಗೆ ಮಾರಲು ಆರ್ಡರ್ ಹಾಕುತ್ತಿದ್ದರು. ಕೊಳ್ಳುವವರೇ ಇಲ್ಲ. ದಿನಕ್ಕೆ ಶೇ 5ರಂತೆ 14 ದಿನ ಬಿದ್ದರೆ ದರ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಅವರು ಊಟ ಮಾಡುವಾಗಲೂ ಫೋನ್ ಕೆಳಗಿಡಲಿಲ್ಲ. ಆ ರೊಕ್ಕ ಮಗಳ ಫೀಸಿಗೆ ಇಟ್ಟಿದ್ದು.

ಹಾಗಾಗಿ ದಿನಕ್ಕೆ ಎಷ್ಟು ಶೇರ್ ಕೈ ಬದಲಾಗುತ್ತವೆ ನೋಡಿ. ಎಎಸ್‌ಎಂ, ಜಿಎಸ್‌ಎಂ ಎಂಬ ನಿಗಾ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಎಕ್ಸ್‌ಚೇಂಜಿನವರೇ ಅದನ್ನು ಹಾಕಿರುತ್ತಾರೆ.

ಎಲ್ಲ ಸಣ್ಣ ಕಂಪನಿಯೂ ಮೋಸ ಅಂತ ನಾನು ಹೇಳುವುದಿಲ್ಲ. ನಿಜವಾಗಿ ಮೇಲೆ ಬರುವವೂ ಇವೆ. ದೊಡ್ಡ ಆರ್ಡರ್ ಸಿಕ್ಕಿದೆ ಅನ್ನುತ್ತಾರಾ? ಹಾಗಾದರೆ ಮುಂದಿನ ಕ್ವಾರ್ಟರ್‌ಗಳಲ್ಲಿ ಮಾರಾಟ ಕಾಣಬೇಕು. ರೊಕ್ಕ ಬಂತಾ ಎಂಬುದು ಆರು ತಿಂಗಳ ಲೆಕ್ಕದಲ್ಲಿ ಗೊತ್ತಾಗುತ್ತದೆ. ಅಲ್ಲಿವರೆಗೆ ತಡೆಯಿರಿ.

"ಅಷ್ಟರಾಗ ನಾಲ್ಕು ರೂಪಾಯಿ ಆದ್ರ?" ಅನ್ನುತ್ತಾರೆ.

ಆಗಲಿ. ನಾಲ್ಕಕ್ಕೇ ಕೊಳ್ಳಿ. ಆಗ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.